ಹತ್ತೊಂಬತ್ತು ವರ್ಷದ ಲೆಕ್ಕ

ತಾರಸಿ ಮೇಸ್ತ್ರಿಯ ಬಾಯಿ ಜೋರು, ಲೆಕ್ಕ ಅದಕ್ಕಿಂತ ಜೋರು. ಸುಡುವ ಮನೆಗಳನ್ನು ತಂಪು ಮಾಡುವುದು ಅವನ ಕಸುಬು. ತಾರಸಿಯ ಮೇಲೆ ಥರ್ಮೋಕೋಲ್ ಹಾಸಿ, ಗಾರೆ ಎಳೆದು, ಮೇಲೆ ಬಿಳಿ ಟೈಲ್ಸ್ ಕೂರಿಸುತ್ತಿದ್ದ. ಯಾರೇ ಕರೆಯಲಿ, ಮೊದಲು ಕೇಳುತ್ತಿದ್ದುದು ಒಂದು ವರ್ಷದ ಕರೆಂಟ್ ಬಿಲ್ಲು. ಬಿಲ್ಲು ದೊಡ್ಡದಿದ್ದರೆ, "ನಾಲ್ಕೇ ವರ್ಷಕ್ಕೆ ಹಾಕಿದ ದುಡ್ಡು ವಾಪಸ್ಸು, ಕಣ್ಣು ಮುಚ್ಚಿಕೊಂಡು ಮಾಡಿಸಿ" ಎನ್ನುತ್ತಿದ್ದ. ಚಿಕ್ಕದಿದ್ದರೆ, "ನಿಮಗಿದು ದಂಡ ಸ್ವಾಮಿ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದು ಬರುತ್ತಿದ್ದ.

ಒಂದು ದಿನ ಹೆಂಡತಿಯೇ ಕೇಳಿದಳು.

"ಊರವರ ನೆತ್ತಿಯೆಲ್ಲ ತಂಪು ಮಾಡ್ತೀರಿ. ನಮ್ಮನೆಗೂ ಒಂದು ಪದರ ಹಾಕಿಬಿಡಿ. ಮಧ್ಯಾಹ್ನ ಒಳಗೆ ಕೂರೋಕಾಗಲ್ಲ."

"ಬಿಲ್ಲು ತಾ."

ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಹನ್ನೆರಡನ್ನೂ ತಂದುಕೊಟ್ಟಳು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೂಡಿದ, ಭಾಗಿಸಿದ, ನಕ್ಕುಬಿಟ್ಟ.

"ಹತ್ತೊಂಬತ್ತು ವರ್ಷ ಕಣೇ! ಇಷ್ಟು ಪುಟ್ಟ ಬಿಲ್ಲಲ್ಲಿ ಉಳಿಯೋದಾದ್ರೂ ಏನು? ಅಷ್ಟು ವರ್ಷ ಇರ್ತೀಯೇನು?"

"ಇದ್ದು ತೋರಿಸ್ತೀನಿ, ಹಾಕಿ ನೋಡಿ."

"ಹೋಗೇ. ಕಂಡವರಿಗೆ ಬೇಡ ಅಂದಿದ್ದನ್ನ ನನ್ನ ಮನೆಗೇ ಮಾಡಿದ್ರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುತ್ತಾ?"

ಅವಳು ಬಿಲ್ಲುಗಳನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಆ ಮಾತೇ ಎತ್ತಲಿಲ್ಲ.

ಮೂರನೆಯ ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಬಚ್ಚಲ ಹೊಸ್ತಿಲ ಮೇಲೆ ಕುಸಿದವಳು ಏಳಲಿಲ್ಲ. ಸೆಕೆಯ ಹೊಡೆತ ಎಂದರು ಡಾಕ್ಟರು. "ನೆರಳಲ್ಲಿದ್ದವಳಿಗೆ ಎಂಥಾ ಹೊಡೆತ ರೀ?" ಎಂದು ಮೇಸ್ತ್ರಿ ಅವರ ಮೇಲೇ ಹರಿಹಾಯ್ದ.

ತಿಂಗಳುಗಟ್ಟಲೆ ಕೆಲಸಕ್ಕೆ ಹೋಗದೆ ಮನೆಯಲ್ಲೇ ಬಿದ್ದುಕೊಂಡ. ಸೂರು ಕಾದ ಕಾವಲಿ. ಹಗಲಿಡೀ ಫ್ಯಾನು, ಕೂಲರು ಹಾಕಿಯೇ ಇರುತ್ತಿದ್ದ. ಬಿಲ್ಲು ಮೂರು ಪಟ್ಟು ಬಂತು.

ಮೀಟರ್ ಓದುವವನನ್ನು ಬಾಗಿಲಲ್ಲೇ ಅಡ್ಡಗಟ್ಟಿದ. "ಏನಯ್ಯಾ, ಮೀಟರ್ ಕೆಟ್ಟಿದೆಯೋ, ನಿನ್ನ ಕಣ್ಣು ಕೆಟ್ಟಿದೆಯೋ? ಇಬ್ಬರಿದ್ದಾಗ ಬಾರದ್ದು ಒಬ್ಬನಿಗೆ ಹೇಗಯ್ಯಾ ಬರುತ್ತೆ?"

"ಮೀಟರ್ ಸರಿಯಾಗೇ ಇದೆ ಮೇಸ್ತ್ರಿಗಳೇ. ಮೊದಲೆಲ್ಲ ಹಗಲು ಓಡ್ತಿರಲಿಲ್ಲ, ಅಷ್ಟೆ."

"ಓಡ್ತಿರಲಿಲ್ಲ ಅಂದ್ರೆ?"

ಮೀಟರಿನವನು ಒಳಗೆ ಕೈ ತೋರಿಸಿದ. "ನಾನು ಬಂದಾಗೆಲ್ಲ ಅಕ್ಕ ಆ ಬಚ್ಚಲ ಹೊಸ್ತಿಲ ಮೇಲೆ ಕೂತಿರೋರು, ತಲೆ ಮೇಲೆ ಒದ್ದೆ ಟವಲ್. ಫ್ಯಾನ್ ಹಾಕ್ಕೊಳ್ಳಿ ಅಕ್ಕಾ ಅಂದ್ರೆ, 'ಅವರು ಬಿಸಿಲಲ್ಲಿ ಬೆಂದು ಬರ್ತಾರಪ್ಪ, ಬರೋ ಹೊತ್ತಿಗೆ ಹಾಕ್ತೀನಿ. ನನ್ನೊಬ್ಬಳಿಗೆ ಯಾಕೆ' ಅನ್ನೋರು."

ಮೇಸ್ತ್ರಿ ಬಾಗಿಲು ಬಿಟ್ಟು ಸರಿದ. ದಿನಾ ಸಂಜೆ ಅವನು ಬರುವಾಗ ಫ್ಯಾನು ತಿರುಗುತ್ತಿತ್ತು. ದಿನವಿಡೀ ತಿರುಗುತ್ತದೆ ಅಂದುಕೊಂಡಿದ್ದ.

ಒಳಗೆ ಬಂದು ಹೊಸ ಬಿಲ್ಲಿನ ಹಿಂದೆ ಅದೇ ಲೆಕ್ಕ ಹಾಕಿದ. ಆರು ವರ್ಷ. ಅವಳು ಕೇಳಿದ ದಿನವೇ ಹಾಕಿದ್ದರೆ ಅದರಲ್ಲಿ ಅರ್ಧ ಈಗಾಗಲೇ ಕಳೆದಿರುತ್ತಿತ್ತು.

ಫ್ಯಾನು ಆರಿಸಿ, ಹೋಗಿ ಬಚ್ಚಲ ಹೊಸ್ತಿಲ ಮೇಲೆ ಕೂತ. ಇಡೀ ಮನೆಯಲ್ಲಿ ಆ ಕಲ್ಲೊಂದೇ ತುಸು ತಂಪಿತ್ತು. ಒಬ್ಬರು ಕೂರುವಷ್ಟು. ಬೆವರು ಕಣ್ಣಿಗಿಳಿದರೂ ಏಳಲಿಲ್ಲ. ಸಂಜೆ, ತಾನು ಕೆಲಸದಿಂದ ಬರುತ್ತಿದ್ದ ಹೊತ್ತಾದಾಗ, ಗೋಡೆ ಹಿಡಿದು ಮೆಲ್ಲಗೆ ಎದ್ದು ಫ್ಯಾನು ಹಾಕಿದ.