ಕಂಬಿಯ ಮೇಲಿನ ಗುಂಡುಗಳು

"ಸ್ವಲ್ಪ ಓರೆ ಮಾಡಿ... ತಲೆ ಕಡೆ ಎತ್ತಿ... ಅಯ್ಯಯ್ಯೋ!"

ಮೂರನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಹಿಡಿದಿದ್ದ ಮೈದುನನ ಬೆರಳಿನ ಗೆಣ್ಣು ಮೆಟ್ಟಿಲ ಕಂಬಿಯ ಮೇಲಿನ ಕಬ್ಬಿಣದ ಗುಂಡಿಗೆ ಬಡಿಯಿತು. "ಯಾವ ಬುದ್ಧಿಗೇಡಿ ಇಟ್ಟನೋ ಈ ಗುಂಡುಗಳನ್ನ!"

ಇಟ್ಟವನು ಸ್ಟ್ರೆಚರಿನ ಮೇಲೆಯೇ, ಮುಖದವರೆಗೂ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ಗೊಣಗಿದಳು. "ಕೇಳಿಸ್ಕೊಳ್ಳಿ. ನಾನು ಹೇಳಿದ್ರೆ ಕಿವಿಗೆ ಬೀಳ್ತಿರಲಿಲ್ಲ. ಈಗ ಒಡಹುಟ್ಟಿದ ತಮ್ಮನೇ ಹೇಳ್ತಿದಾನೆ."

ಅವಳ ಗಂಡ, ಮೇಸ್ತ್ರಿ, ನಲವತ್ತು ವರ್ಷ ಮೆಟ್ಟಿಲುಗಳಿಗೆ ಕಬ್ಬಿಣದ ಕಂಬಿ ಹಾಕಿದವನು. ಆರು ವರ್ಷದ ಹಿಂದೆ ಈ ಕಟ್ಟಡದ ಮಕ್ಕಳು ಕಂಬಿಯ ಮೇಲೆ ಜಾರಲು ಹೋಗಿ, ಒಬ್ಬಳ ಮುಂದಿನ ಹಲ್ಲು ಮುರಿದಿತ್ತು. ಯಾರೂ ಕೇಳದಿದ್ದರೂ ಮೇಸ್ತ್ರಿ ತಾನಾಗಿಯೇ ಮೂರೂ ಸಾಲು ಮೆಟ್ಟಿಲುಗಳ ಕಂಬಿಗೆ, ಮೊಳಕ್ಕೊಂದರಂತೆ, ನಿಂಬೆಹಣ್ಣಿನ ಗಾತ್ರದ ಗುಂಡುಗಳನ್ನು ವೆಲ್ಡ್ ಮಾಡಿದ. ಮಕ್ಕಳ ಜಾರಾಟ ನಿಂತಿತು. ಜೊತೆಗೆ ಮಂಡಿನೋವಿನ ಹೆಂಡತಿಯ ಕೈಯೂ ನಿಂತಿತು. ಅವಳಿಗೆ ಕಂಬಿ ಬಿಡದೆ ಹಿಡಿದೇ ಇಳಿಯಬೇಕು. ಗುಂಡು ಬಂದಾಗಲೆಲ್ಲ ಕೈ ಎತ್ತಿ ದಾಟಿಸಬೇಕು, ಆ ಒಂದು ಕ್ಷಣ ಜೀವ ಬಾಯಿಗೆ ಬರುತ್ತಿತ್ತು. ಕಿತ್ತು ಹಾಕಿ ಎಂದು ಆರು ವರ್ಷ ಹೇಳಿದಳು. "ನಾನು ಬೆಸೆದಿದ್ದನ್ನ ನಾನೇ ಕತ್ತರಿಸ್ಲಾ?" ಎನ್ನುವುದೊಂದೇ ಅವನ ಉತ್ತರ. ಊರಿನವರ ಮಾತೆಲ್ಲ ಕೇಳುವ ಗಂಡ ತನ್ನ ಮಾತೊಂದನ್ನು ಮಾತ್ರ ಕೇಳಲಿಲ್ಲ ಎಂಬ ಉರಿ ಅವಳಿಗೆ ಇವತ್ತೂ ಆರಿರಲಿಲ್ಲ.

"ಅಮ್ಮ, ಮಂಡಿ ಆಪರೇಷನ್ ಆಗಿ ನಲವತ್ತು ದಿನ ಆಗಿದೆ ಅಷ್ಟೇ. ಹೊಸಿಲೇ ದಾಟಿಲ್ಲ ನೀನು. ಬಾಲ್ಕನಿಯಿಂದ ನೋಡು" ಎಂದಳು ಮಗಳು.

"ಇಷ್ಟು ವರ್ಷ ಸಂಸಾರ ಮಾಡಿದೋಳು ಬಾಲ್ಕನಿಯಿಂದ ಟಾಟಾ ಮಾಡ್ಲಾ? ಹೆಗಲು ಕೊಡು."

ಒಂದು ಕೈ ಮಗಳ ಹೆಗಲ ಮೇಲೆ, ಇನ್ನೊಂದು ಕಂಬಿಯ ಮೇಲೆ. ಎರಡು ಮೆಟ್ಟಿಲು. ಗುಂಡು. ಕೈ ಎತ್ತು, ದಾಟಿಸು, ಹಿಡಿ.

*

ಆ ಆಟ ಮನೆಗೆ ಬಂದದ್ದು ಮಗಳಿಂದಲೇ. ಕೆಲಸ ಬಿಟ್ಟ ಮೇಲೆ ಕಂಡವರ ಮನೆಯ ಮೆಟ್ಟಿಲುಗಳಿಗೆ ತಪ್ಪು ಹುಡುಕುತ್ತ ತಿರುಗುತ್ತಿದ್ದ ಅಪ್ಪ ಮನೆಯಲ್ಲಿರಲಿ ಎಂದು ತನ್ನ ಹಳೆಯ ವಿಡಿಯೋ ಗೇಮ್ ತಂದು ಟಿವಿಗೆ ಸಿಕ್ಕಿಸಿ ಹೋಗಿದ್ದಳು. ಪರದೆಯ ಮೇಲೊಬ್ಬ ಯುವಕ, ಅವನ ಕಾಲ ಕೆಳಗೊಂದು ಸ್ಕೇಟ್‌ಬೋರ್ಡ್ ಎಂಬ ಗಾಲಿ ಹಲಗೆ. ಬೇರೆ ಆಟಗಳ ಹಾಗೆ ಗುಂಡಿ ಒತ್ತಿದರೆ ಹಾರುವ ಗಿರಾಕಿಯಲ್ಲ. ಕೈಯಲ್ಲಿ ಹಿಡಿದ ಕಂಟ್ರೋಲರಿನ ಪುಟ್ಟ ಕಡ್ಡಿಯನ್ನು ಹೆಬ್ಬೆರಳಲ್ಲಿ ಕೆಳಗೆಳೆದು, ಸರಿಯಾದ ಗಳಿಗೆಗೆ ಮೇಲಕ್ಕೆ ಚಿಮ್ಮಿಸಬೇಕು. ಚೂರು ತಪ್ಪಿದರೂ ಮೂಳೆ ಮುರಿಯುತ್ತದೆ, ಅದೂ ಶಬ್ದ ಸಮೇತ.

ನೆಟ್ಟಗೆ ಉರುಳಲು ಕಲಿಯುವುದಕ್ಕೇ ಮೇಸ್ತ್ರಿಗೆ ನಾಲ್ಕು ದಿನ ಹಿಡಿಯಿತು. ಪಾದಚಾರಿ ಕಟ್ಟೆ ಹತ್ತುವುದಕ್ಕೆ ಒಂದು ತಿಂಗಳು. ಆಮೇಲೆ ಒಂದು ಲೈಬ್ರರಿಯ ಹನ್ನೊಂದು ಮೆಟ್ಟಿಲ ಕಂಬಿಗೆ ಗಂಟುಬಿದ್ದ. ಹಾರಿ ಕಂಬಿಯ ಮೇಲೆ ಹಲಗೆ ಕೂರಿಸಿ, ಜಾರಿ ಕೆಳಗಿಳಿಯಬೇಕು. ಒಂದು ಮೊಳ ಹೋಗುವುದರೊಳಗೆ ಟಕ್, ಹಲಗೆ ಅಲ್ಲೇ, ಯುವಕ ನೆಲಕ್ಕೆ. ಒಂದು ಗುಂಡಿ ಒತ್ತಿದರೆ ಅವನು ಮತ್ತೆ ಮೇಲಿನ ಮೆಟ್ಟಿಲ ಮೇಲೆ, ಏನೂ ಆಗದವನಂತೆ. ಮತ್ತೆ ಟಕ್.

"ಮುಂಜಾನೆ ಎದ್ದರೆ ಮೂಳೆ ಮುರಿಯೋ ಸದ್ದು! ಇದು ಮನೆಯೋ ಆಸ್ಪತ್ರೆಯೋ?" ಅಡುಗೆಮನೆಯಿಂದ ಅವಳು ಕೂಗುತ್ತಿದ್ದಳು.

ಒಂದು ದಿನ ಅವನು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿ ನೋಡಿದ. ಕಂಬಿಯ ಮೇಲೆ, ಮೊಳಕ್ಕೊಂದರಂತೆ, ಕಬ್ಬಿಣದ ಗುಂಡುಗಳು.

"ಎಲಾ ಇವನ! ಒಬ್ಬ ಮನುಷ್ಯ ಆರಾಮಾಗಿ ಇಳಿಯೋ ಜಾಗದಲ್ಲಿ ಯಾವ ಕಟುಕ ಇಟ್ಟಿದಾನೆ ಇದನ್ನ!"

"ಎದ್ದು ಹೋಗಿ ಕನ್ನಡಿ ನೋಡ್ಕೊಳ್ಳಿ, ಕಾಣಿಸ್ತಾನೆ" ಎಂದಳು ಅವಳು.

ಅವನು ತಿರುಗಿ ಮಾತಾಡಲಿಲ್ಲ. ಮದುವೆಯಾದಂದಿನಿಂದ ಅದೇ ಮೊದಲು. ಅವಳು ಗೆದ್ದೆ ಎಂದುಕೊಂಡಳು, ಆದರೆ ಖುಷಿಯಾಗಲಿಲ್ಲ.

*

ಎರಡನೇ ಸಾಲಿನಲ್ಲಿ ಪ್ರತಿ ಗುಂಡಿನ ಬುಡಕ್ಕೂ ಗುಲಾಬಿ ಸೀಮೆಸುಣ್ಣದ ಗೆರೆ ಎಳೆದಿತ್ತು.

"ಇದೊಂದು ಬಾಕಿ ಇತ್ತು. ಕಂಬಿ ಮೇಲೂ ಗೀಚಿದಾರೆ ಮಕ್ಕಳು" ಎಂದು ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಿಧಾನ, ಅಮ್ಮ."

"ನಿಧಾನವಾಗಿಯೇ ಇದೀನಿ. ಅವಸರ ಮಾಡಿದ್ದು ನಿಮ್ಮಪ್ಪ."

ಕೆಳಗಿನಿಂದ ಮೈದುನ ಕೂಗಿದ. "ಅತ್ತಿಗೆ, ಅಲ್ಲೇ ನಿಲ್ಲಿ, ಕುರ್ಚಿ ತರ್ತೀವಿ."

"ಕುರ್ಚಿಯಲ್ಲಿ ಹೊತ್ಕೊಂಡು ಹೋಗೋಕೆ ನಾನಿನ್ನೂ ಸತ್ತಿಲ್ಲ ಕಣಪ್ಪ!"

*

ಮೊನ್ನೆ ಗುರುವಾರ ಅವನ ಅಂಗಿಯ ತುಂಬ ಕಬ್ಬಿಣದ ಪುಡಿ ಇತ್ತು. ಎಲ್ಲಿಗೆ ಹೋಗಿದ್ದಿರಿ ಎಂದರೆ, ಹಳೇ ವರ್ಕ್‌ಶಾಪ್ ಕಡೆ ಎಂದ. "ಕೆಲಸ ಬಿಟ್ರೂ ಕಬ್ಬಿಣ ಬಿಡಲ್ಲ. ಒಗೆಯೋರು ಯಾರು?" ಎಂದು ರೇಗಿದಳು.

ಶನಿವಾರ ಮಧ್ಯಾಹ್ನ ಅವನು ಟಿವಿ ಮುಂದೆ ಸುಮ್ಮನೆ ಕೂತಿದ್ದ. ಆ ಗುರುವಾರದ ಸಿಟ್ಟನ್ನೇ ಹಿಡಿದುಕೊಂಡು ಅವಳು ಅರ್ಧ ಗಂಟೆ ಬೈದಳು. ಅವನು ಉಸಿರೆತ್ತಲಿಲ್ಲ. ಊಟಕ್ಕೆ ಏಳಿಸಲು ಹೋದಾಗಲೇ ಗೊತ್ತಾದದ್ದು.

*

ಕೊನೆಯ ಸಾಲು. ಎರಡು ಮೆಟ್ಟಿಲಾಗುತ್ತಲೇ ಅಭ್ಯಾಸಬಲದಿಂದ ಕೈ ಎತ್ತಿದಳು. ಗುಂಡು ಇರಲಿಲ್ಲ. ಕೈ ಇಳಿಸಿದಳು, ಮುಂದಕ್ಕೆ ಸರಿಸಿದಳು. ಅಲ್ಲೂ ಇಲ್ಲ. ಇದ್ದ ಜಾಗದಲ್ಲೆಲ್ಲ ಉಜ್ಜಿ ನುಣ್ಣಗೆ ಮಾಡಿದ ಮಚ್ಚೆಗಳು. ಅಂಗೈ ಎಲ್ಲೂ ತಡೆಯದೆ ಕೆಳಗಿನ ತುದಿಯವರೆಗೆ ಹೋಯಿತು.

ನೆಲಮಹಡಿಯ ದರ್ಜಿ ಹೆಂಗಸು ತನ್ನ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. "ಗುರುವಾರ ನಮ್ಮನೆ ಕರೆಂಟಲ್ಲೇ ಕಟಿಂಗ್ ಮಿಷನ್ ಹಾಕಿದ್ರು, ಅಕ್ಕ. ಮೇಲಿನ ಸಾಲಿಗೆ ನನ್ನ ಸೀಮೆಸುಣ್ಣ ಇಸ್ಕೊಂಡು ಗುರುತು ಮಾಡಿದ್ರು, ಮುಂದಿನ ವಾರ ಕತ್ತರಿಸ್ತೀನಿ ಅಂತ. ನಿಮಗೆ ಹೇಳ್ಬೇಡ ಅಂದಿದ್ರು. ಕಾಲು ಸರಿಹೋಗಿ ಇಳಿದಾಗ ನೋಡ್ಲಿ ಅಂದ್ರು."

"ಎರಡು ಸಾಲು ಹಾಗೇ ಬಿಟ್ಟು ಹೊರಟ್ರಲ್ರೀ!" ಅವಳು ಹೊರಗಿನ ಸ್ಟ್ರೆಚರಿನತ್ತ ತಿರುಗಿದಳು. "ಯಾವ ಕೆಲಸ ಪೂರ್ತಿ ಮಾಡಿದೀರಿ ನೀವು?"

ಹೊರಗೆ ಗಾಡಿಯ ಹಿಂಬಾಗಿಲು ತೆರೆದಿತ್ತು. "ಅತ್ತಿಗೆ, ಎಲ್ರೂ ಕಾಯ್ತಿದಾರೆ" ಎಂದ ಮೈದುನ.

"ಕಾಯಲಿ."

ಅವಳು ಮಗಳ ಹೆಗಲು ಬಿಟ್ಟಳು. ಕಂಬಿ ಹಿಡಿದು, ಹಲ್ಲು ಕಚ್ಚಿ, ಹಿಂದಕ್ಕೆ ಒಂದೊಂದಾಗಿ ನಾಲ್ಕು ಮೆಟ್ಟಿಲು ಹತ್ತಿದಳು. ಅಲ್ಲಿ ನಿಂತು ತಿರುಗಿ, ಕಂಬಿಯ ಮೇಲೆ ಅಂಗೈ ಇಟ್ಟು, ಕೈ ಎತ್ತದೆ ಮತ್ತೊಮ್ಮೆ ಇಳಿಯತೊಡಗಿದಳು.