ಗೆರ್ಗಿನಾಳ ದಿಬ್ಬ

ಪಕ್ಕದ ಹೊಲದ ಮಿಂಚೊ ಗುದ್ದಲಿಯ ಕಾವಿನಿಂದ ನನ್ನ ಅಕ್ಕನ ಮುಂಗೈ ಮುರಿದ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. ಒಣಸೌದೆ ಮುರಿದ ಹಾಗೆ. ಅದರ ಹಿಂದೆಯೇ ಅಕ್ಕನ ಕೂಗು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಉಕ್ಕಲಿ ಎಂದು ಬಿಟ್ಟು, ಗೋಡೆಗೆ ಒರಗಿಸಿದ್ದ ಹುಲ್ಲೆತ್ತುವ ಕಬ್ಬಿಣದ ಕವೆಗೋಲನ್ನು ಕಿತ್ತುಕೊಂಡು ಓಡಿದೆ.

ಅಕ್ಕ ಅವನ ಕುಂಬಳದ ಬಳ್ಳಿಗಳ ನಡುವೆ ಬೋರಲು ಬಿದ್ದಿದ್ದಳು. ಮಲಗುವಾಗ ಹಾಕುವ ಬಿಳಿ ಅಂಗಿ, ಬಿಚ್ಚಿದ ನರೆಗೂದಲು. ಪಕ್ಕದಲ್ಲಿ ಒಂದು ಬಿಳಿ ಬಟ್ಟೆ, ಅದರ ತುಂಬ ಕಿತ್ತ ಕುಂಬಳದ ಹೂ. ಮಿಂಚೊ ಅವಳ ಬೆನ್ನಿಗೆ ಇನ್ನೊಂದು ಬಾರಿಸಿದ.

"ಕದೀತೀಯಾ? ನನ್ನ ಹೊಲದ ಫಲ ಕದೀತೀಯಾ, ಮುದಿ ಮಾಟಗಾತಿ?"

ಅಂದು ನಡುಬೇಸಿಗೆಯ ಎನ್ಯೊವ್ ಹಬ್ಬ. ಆ ಮುಂಜಾವು ಸೂರ್ಯ ಮೂಡುವ ಮೊದಲು ಮಾಟಗಾತಿ ಕೂದಲು ಬಿಚ್ಚಿಕೊಂಡು ಪರರ ಹೊಲಕ್ಕೆ ಇಳಿಯುತ್ತಾಳೆ, ಬಿಳಿ ಬಟ್ಟೆಗೆ ಇಬ್ಬನಿ ಹೀರಿಸಿಕೊಂಡು ಹೊಲದ ಫಲವನ್ನೆಲ್ಲ ತನ್ನ ಮನೆಗೆ ಒಯ್ಯುತ್ತಾಳೆ ಎಂಬುದು ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಹೋಗಿದ್ದಳು, ಯಾಕೆಂದರೆ ಮಿಂಚೊ ಬೇರೆ ದಾರಿ ಬಿಟ್ಟಿರಲಿಲ್ಲ.

ಇದಕ್ಕೆಲ್ಲ ಕಾರಣ ಆ ದಿಬ್ಬ. ಅಕ್ಕನ ಹಿತ್ತಲಿಗೂ ಮಿಂಚೊನ ಹೊಲಕ್ಕೂ ನಡುವೆ ಉದ್ದಕ್ಕೆ ಮಲಗಿರುವ ಮಣ್ಣಿನ ಏರಿ ಅದು. ಗಂಡ ಸತ್ತ ಮೇಲೆ ನನ್ನ ಅಕ್ಕ ಗೆರ್ಗಿನಾ ಅಲ್ಲಿದ್ದ ಪೇಟೆಯ ಡೇಲಿಯಾ, ಗುಲಾಬಿಗಳನ್ನೆಲ್ಲ ಕಿತ್ತೆಸೆದು ನಮ್ಮ ಗುಡ್ಡದ ಗಿಡಗಳನ್ನೇ ತಂದು ನೆಟ್ಟಳು: ನೀಲಿ ಮುಳ್ಳುಗಿಡ, ಕಾಡು ಗಜ್ಜರಿ, ಆಳೆತ್ತರ ನಿಲ್ಲುವ ಹಳದಿ ಹೂವಿನ ಲೊಪೆನ್ ಗಿಡ. ಊರವರು ಕಸ ಸಾಕುತ್ತಾಳೆ ಎಂದು ನಕ್ಕರು. ಕಸವಾದರೂ ಅದಕ್ಕೆ ದುಂಬಿ ಬಂದವು. ಹಳೆಯ ಇಲಿಬಿಲಗಳಲ್ಲಿ ಗೂಡು ಮಾಡಿದವು. ಆಮೆ ಬಂತು, ಹಕ್ಕಿ ಬಂತು. ಸುತ್ತ ಕಣ್ಣು ಹಾಯುವವರೆಗೂ ಸೂರ್ಯಕಾಂತಿಗೆ ವಿಷ ಹೊಡೆದ ನೆಲ. ಈ ದಿಬ್ಬವೊಂದು ಹೋದರೆ ಅವುಗಳಿಗೆ ಇನ್ನೆಲ್ಲೂ ಜಾಗವಿರಲಿಲ್ಲ, ನನ್ನ ಅಕ್ಕನಿಗೂ ಇರಲಿಲ್ಲ.

ಮಿಂಚೊನ ಕುಂಬಳ ಮಾತ್ರ ಹೀಚಿನಲ್ಲೇ ಕೊಳೆತು ಉದುರುತ್ತಿತ್ತು. ಹೂ ಅರಳಿದ ಹೊತ್ತಿಗೇ ವಿಷ ಹೊಡೆದು ದುಂಬಿಗಳನ್ನು ಕೊಂದರೆ ಇನ್ನೇನಾಗಬೇಕು? ಆದರೆ ಅವನ ತಾಯಿ ಪೆಂಕಾ ಅಜ್ಜಿ, ದಿಬ್ಬದಿಂದಲೇ ಪೀಡೆ ಬರುತ್ತಿದೆ ಎಂದು ಅವನ ಕಿವಿ ಊದಿದಳು. ಹಬ್ಬದ ಹಿಂದಿನ ಸಂಜೆ ಅವನು ನಮ್ಮ ಬೇಲಿಯ ಬಳಿ ನಿಂತು, ಬೆಳಗ್ಗೆ ಸೂರ್ಯ ಮೂಡುತ್ತಲೇ ಹೊಲಕ್ಕೆ ವಿಷ, ಆಮೇಲೆ ದಿಬ್ಬಕ್ಕೆ ಕೊಯ್ಲುಯಂತ್ರ ಎಂದು ಸಾರಿದ.

"ಸಂಜೆ ಹೊಡಿಯೋ ಮಿಂಚೊ," ಅಕ್ಕ ಬೇಡಿಕೊಂಡಳು. "ಬೆಳಗ್ಗೆ ಹೂವಿನೊಳಗೆ ದುಂಬಿ ಮಲಗಿರುತ್ವೆ."

"ಹಂಗಾದ್ರೆ ಎಬ್ಬಿಸಿ ಕಾಫಿ ಕೊಡು," ಎಂದ ಆ ಮಹಾಶಯ.

ಅಕ್ಕ ಎಬ್ಬಿಸಲೆಂದೇ ಹೋದಳು. ಕಾಯಿ ಬಿಡದ ಗಂಡು ಹೂಗಳನ್ನಷ್ಟೇ, ಒಳಗೆ ಚಳಿಗೆ ಮರಗಟ್ಟಿ ಮಲಗಿದ್ದ ದುಂಬಿಯ ಸಮೇತ ಕಿತ್ತು, ಬಟ್ಟೆಯಲ್ಲಿಟ್ಟು ದಿಬ್ಬಕ್ಕೆ ಸಾಗಿಸುತ್ತಿದ್ದಳು. ಅದನ್ನು ಮಿಂಚೊ ನೋಡಿದ. ಬಿಳಿ ಬಟ್ಟೆ, ಬಿಚ್ಚಿದ ಕೂದಲು, ಮೂಡದ ಸೂರ್ಯ. ಅವನ ಮಂಡೆಗೆ ಅಷ್ಟು ಸಾಕಾಯಿತು.

"ಇನ್ನೊಂದ್ಸಲ ಕೈ ಎತ್ತಿದ್ರೆ ಚುಚ್ಚಿಬಿಡ್ತೀನಿ," ಎಂದೆ ನಾನು, ಕವೆಗೋಲನ್ನು ಅವನತ್ತ ಚಾಚಿ.

ಹೊಲದ ಅಂಚಿನಿಂದ ಪೆಂಕಾ ಅಜ್ಜಿ ಅರಚಿದಳು. "ಇನ್ನೂ ಹೊಡಿ ಮಗಾ. ಸೂರ್ಯ ಬರೋದ್ರೊಳಗೆ ಮಾಟಗಾತಿ ರಕ್ತ ನೆಲಕ್ಕೆ ಬಿದ್ರೆ ಫಲ ತಿರುಗಿ ಬರುತ್ತೆ."

ಮಿಂಚೊ ಗುದ್ದಲಿ ಬೀಸಿದ. ಕಾವು ನನ್ನ ಬಾಯಿಗೆ ಬಡಿದು ಎದುರಿನ ಹಲ್ಲು ಕಿತ್ತುಬಂತು. ರಕ್ತದ ಸಮೇತ ಅದನ್ನು ಅವನ ಮುಖಕ್ಕೇ ಉಗಿದೆ. ಅವನು ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದು ಹೊಲದ ಅಂಚಿನಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ಹತ್ತಿದ. ಮುಂದಕ್ಕೆ ಕಟ್ಟಿದ್ದ ಕೊಯ್ಲಿನ ಅಲಗುಗಳು ಗಿರಗಿರ ತಿರುಗಿದವು. ವಿಷದ ಮಾತನ್ನೇ ಮರೆತು ನೇರ ದಿಬ್ಬಕ್ಕೆ ನುಗ್ಗಿಸಿದ.

ಮೊದಲು ಲೊಪೆನ್ ಉರುಳಿದವು. ನೀಲಿ ಮುಳ್ಳುಗಿಡಗಳು ಪುಡಿಯಾಗಿ ಗಾಳಿಗೆ ಹಾರಿದವು. ಆಮೇಲೆ ಅಲಗಿಗೆ ಏನೋ ಗಟ್ಟಿಯಾದದ್ದು ಸಿಕ್ಕಿ ಕಟಕಟ ಎಂದಿತು. ಆಮೆ. ಚಿಪ್ಪಿನ ಚೂರು ಮಾಂಸದ ಜೊತೆ ಬಂದು ನನ್ನ ಲಂಗಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ಅಕ್ಕ ಹೇಗೆ ಎದ್ದಳೋ, ಜೋತಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ದುಂಬಿಗಳ ಬಿಲಗಳ ಮುಂದೆ ನಿಂತುಬಿಟ್ಟಿದ್ದಳು.

ಟ್ರ್ಯಾಕ್ಟರ್ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಅವನು ನಿಲ್ಲಿಸುತ್ತಿದ್ದನೇನೋ, ಯಾರಿಗೆ ಗೊತ್ತು. ಕಾದು ನೋಡುವ ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ. ಪಕ್ಕದಿಂದ ಹೋಗಿ ಕವೆಗೋಲನ್ನು ಅವನ ತೊಡೆಗೆ ಇಳಿಸಿದೆ. ಮೂಳೆಗೆ ತಾಗಿದ್ದು ಅಂಗೈಗೆ ಗೊತ್ತಾಯಿತು. ಹಿಂದಕ್ಕೆ ಎಳೆದೆ. ಮಿಂಚೊ ನನ್ನ ಮೇಲೇ ಉರುಳಿ ನೆಲಕ್ಕೆ ಬಿದ್ದ. ಟ್ರ್ಯಾಕ್ಟರ್ ಚರಂಡಿಗೆ ಮೂತಿ ಹಾಕಿ ಕೆಮ್ಮಿ ನಿಂತಿತು. ತೊಡೆಯಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು.

ಖುಷಿಯಾಯಿತು ನನಗೆ. ಸುಳ್ಳು ಯಾಕೆ ಹೇಳಲಿ.

ಅಕ್ಕ ಬಂದು ಅವನ ಪಕ್ಕ ಕುಳಿತಳು. ಇರುವೆ ಸಾಲನ್ನು ದಾಟಿ ಕಾಲಿಡುವ ಹೆಂಗಸು ಅವಳು. ಊರಲ್ಲಿ ಸತ್ತವರಿಗೆ ಸ್ನಾನ ಮಾಡಿಸುವುದಕ್ಕೂ ಅವಳನ್ನೇ ಕರೆಯುತ್ತಿದ್ದರು. ಮೊಣಕಾಲನ್ನು ಅವನ ತೊಡೆಯ ಸಂದಿಗೆ ಒತ್ತಿ ಭಾರ ಬಿಟ್ಟಳು. ಚಿಮ್ಮುವುದು ನಿಂತಿತು.

"ಮಿಂಚೊ," ಎಂದಳು, ಪಾಠ ಹೇಳುವ ದನಿಯಲ್ಲಿ. "ದಿಬ್ಬ ಮುಟ್ಟಲ್ಲ ಅನ್ನು."

"ಥೂ, ಮಾಟಗಾತಿ."

ಅಕ್ಕ ಮೊಣಕಾಲೆತ್ತಿದಳು. ರಕ್ತ ಅವಳ ಬಿಳಿ ಅಂಗಿಯ ಎದೆಗೆ ಹಾರಿತು. ಅವಳು ಅದನ್ನು ನೋಡುತ್ತ ಕುಳಿತಿದ್ದಳು. ಆಮೇಲೆ ಮತ್ತೆ ಒತ್ತಿದಳು. ಮಿಂಚೊನ ಮುಖ ಸುಣ್ಣದಂತಾಗಿತ್ತು.

"ಅನ್ನು."

"ಆಂಬುಲೆನ್ಸ್ ಕರಿ ಗೆರ್ಗಿನಾ, ಸಾಯ್ತೀನಿ."

"ಹೌದು, ಸಾಯ್ತೀಯ," ಎಂದು ಮತ್ತೆ ಎತ್ತಿದಳು. ಈ ಸಲ ಇನ್ನೂ ತಡ ಮಾಡಿದಳು. ಸಾಕು ಅಕ್ಕಾ ಎನ್ನಬೇಕೆಂದರೆ ಒಡೆದ ಬಾಯಿಂದ ಮಾತು ಹೊರಡಲಿಲ್ಲ. ಪೆಂಕಾ ಅಜ್ಜಿ ಬಳ್ಳಿಗಳ ಮೇಲೆ ಎದ್ದುಬಿದ್ದು ಓಡಿಬಂದಳು. ಅಕ್ಕ ಮೊಣಕಾಲು ಒತ್ತಿ ಅವಳ ಕಡೆ ತಿರುಗಿದಳು.

"ನೀನು ಹೇಳು ಅಜ್ಜಿ. ಮಗನ ತಲೆ ಮೇಲೆ ಕೈಯಿಟ್ಟು ಹೇಳು. ನಿಮ್ಮ ಮನೆಯೋರು ಯಾರೂ ದಿಬ್ಬ ಮುಟ್ಟಲ್ಲ, ಹೂವಿಗೆ ವಿಷ ಹೊಡೆಯಲ್ಲ."

"ಮುಟ್ಟಲ್ಲ ಕಣಮ್ಮಾ, ಹೊಡೆಯಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಮಗನ್ನ ಬಿಡು," ಎಂದು ಮುದುಕಿ ಅಳುತ್ತ ಅವನ ತಲೆ ಮುಟ್ಟಿದಳು. ಮಿಂಚೊ ಕೂಡ ತುಟಿಯಾಡಿಸಿದ. ಅಜ್ಜಿ ಮಗನ ಫೋನಿನಿಂದ ಕರೆಸಿದ ಆಂಬುಲೆನ್ಸ್ ಬರುವವರೆಗೂ ಅಕ್ಕ ಅಲ್ಲಾಡಲಿಲ್ಲ. ಅವಳ ಮುರಿದ ಕೈ ಅಷ್ಟರಲ್ಲಿ ಕುಂಬಳದಷ್ಟೇ ಊದಿತ್ತು.

ಪೊಲೀಸರಿಗೆ ಮಿಂಚೊ ತಾನೇ ಕವೆಗೋಲಿನ ಮೇಲೆ ಬಿದ್ದೆ ಎಂದು ಹೇಳಿದ. ನಾವು ಮೆಟ್ಟಿಲು ಜಾರಿದೆವು ಎಂದೆವು. ಅವನು ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದ ಬೇಸಿಗೆಯಲ್ಲಿ ಹೊಲಕ್ಕೆ ವಿಷ ಹೊಡೆಯುವವರೇ ಇರಲಿಲ್ಲ. ಅಳಿದುಳಿದ ದಿಬ್ಬದಿಂದ ದುಂಬಿ ದಿನವೂ ಹೋಗಿ ಬಂದವು, ಅವನ ಬಳ್ಳಿಗಳಲ್ಲಿ ತಬ್ಬಿದರೂ ಕೈಗೆ ಸಿಗದಂಥ ಕಾಯಿ ಕುಳಿತವು. ದುಂಬಿಗಳ ಕೆಲಸ ಎಂದು ಒಬ್ಬನಾದರೂ ಅಂದನೇ? ಗೆರ್ಗಿನಾ ಕದ್ದದ್ದನ್ನು ವಾಪಸ್ ಕೊಟ್ಟಳು ಎಂದು ಊರೆಲ್ಲ ಮಾತಾಡಿತು. ಈಗ ದಿಬ್ಬದ ಹತ್ತಿರ ಒಂದು ಕುರಿಯನ್ನೂ ಯಾರೂ ಬಿಡುವುದಿಲ್ಲ. ಅಕ್ಕನನ್ನು ಕಂಡರೆ ತಾಯಂದಿರು ಮಕ್ಕಳನ್ನು ಲಂಗದ ಮರೆಗೆ ಎಳೆದುಕೊಳ್ಳುತ್ತಾರೆ. ಸತ್ತವರಿಗೆ ಸ್ನಾನ ಮಾಡಿಸಲು ಪಕ್ಕದೂರಿನ ಹೆಂಗಸು ಬರುತ್ತಾಳೆ.

ಮೊನ್ನೆ ಅವಳು ಸೊಟ್ಟಗೆ ಕೂಡಿಕೊಂಡ ಕೈಯಿಂದ ಎಳೆಯ ಲೊಪೆನ್ ಸಸಿ ನೆಡುತ್ತಿದ್ದಳು. ನಾನು ನೀರು ಹೊಯ್ಯುತ್ತಿದ್ದೆ. ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ.

"ಮುದುಕಿ ಬರದೇ ಇದ್ದಿದ್ರೆ ಏನ್ಮಾಡ್ತಿದ್ದೆ ಅಕ್ಕ? ಅವನನ್ನ ಬರೀ ಹೆದರಿಸಿದ್ದು ತಾನೇ?"

ಅಕ್ಕ ಸಸಿಯ ಬುಡದ ಮಣ್ಣನ್ನು ಒತ್ತಿ ಗಟ್ಟಿ ಮಾಡಿದಳು.

"ಇನ್ನೊಂದು ಸಲ ಮೊಣಕಾಲು ಎತ್ತಿದ್ರೆ ತಿರುಗಿ ಇಡಬಾರದು ಅಂತಿದ್ದೆ," ಎಂದಳು. "ನೀರು ಸಾಕು, ಬೇರು ಕೊಳೆಯುತ್ತೆ."