ಶಂಕ್ರವ್ವ ಬೇಡಿ ತಂದ ಸ್ಟೂಲು

ನಾನು ಒಂದು ಸ್ಟೂಲು. ಗದಗಿನ ಬಡಿಗೇರ ಮೌನೇಶಪ್ಪ ಹಳೇ ಬಾಗಿಲಿನ ಸಾಗುವಾನಿಯಿಂದ ನನ್ನನ್ನು ಮಾಡಿದ. ಮೊದಲು ಡಾಕ್ಟರ್ ದೇಸಾಯರ ದವಾಖಾನೆ ಸೇರಿದೆ. ದೇಸಾಯರು ಪ್ರೀತಿಯ ಮನುಷ್ಯ. ಆದರೆ ಕೆಟ್ಟ ಸುದ್ದಿಯಿದ್ದರೆ ರೋಗಿಯನ್ನು ನನ್ನ ಮೇಲೆ ಕೂಡಿಸಿ, ಮನೆಯವರನ್ನು ಹೊರಗೆ ಕರೆದು ಹೇಳುತ್ತಿದ್ದರು. ಅವರಿಗೆ ವಯಸ್ಸಾದಾಗ ದವಾಖಾನೆಯ ಜೊತೆ ನಾನೂ ಅವರ ಶಿಷ್ಯೆ ಡಾಕ್ಟರ್ ಫರ್ಜಾನಾ ನದಾಫರ ಪಾಲಾದೆ.

ಒಮ್ಮೆ ಈರಣ್ಣ ಎಂಬವನು ತಾಯಿಯ ರಿಪೋರ್ಟು ತಂದು ನನ್ನ ಮೇಲೆ ಕುಸಿದ. ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಶಂಕ್ರವ್ವನ ಮಗ ಅವನು. ತಾಯಿಗೆ ಕರುಳಿನ ಕ್ಯಾನ್ಸರ್.

"ಮೇಡಂ, ಅವ್ವಗ ಹೇಳಬ್ಯಾಡ್ರಿ. ಎದಿ ಒಡಕೊಂಡು ಸಾಯ್ತಾಳ. ಹುಣ್ಣು ಆಗೇತಿ ಅಂದೀನಿ."

"ಆಪರೇಷನ್‌ಗೆ ಒಪ್ಯಾರೇನು?"

"ಹುಣ್ಣಿಗ್ಯಾಕ ಕತ್ತರಿ, ಮಜ್ಜಿಗಿ ಕುಡಿತೀನಿ ಅಂತಾಳ್ರಿ."

ಮೇಜಿನ ಕೆಳಗೆ ಡಾಕ್ಟರ ಚಪ್ಪಲಿ ನೆಲವನ್ನು ಉಜ್ಜುತ್ತಿದ್ದುದು ನನಗಷ್ಟೇ ಕಂಡಿತು.

"ನಿಮ್ಮ ಸಂಕಟ ನನಗ ತಿಳೀತದ, ಈರಣ್ಣ. ಮುಖಕ್ಕ ಹೊಡದಂಗ ನಾ ಹೇಳಂಗಿಲ್ಲ. ಆದ್ರ ಅವರು ಕೇಳಿದ್ರ ಸುಳ್ಳೂ ಹೇಳಂಗಿಲ್ಲ."

"ಹಂಗಾರ ಬ್ಯಾರೆ ಕಡೆ ಒಯ್ತೀನಿ!"

"ಒಯ್ಯಿರಿ. ಅವರ ಒಪ್ಪಿಗಿ ಇಲ್ಲದ ಅಲ್ಲಿನೂ ಯಾರೂ ಕತ್ತರಿ ಹಿಡಿಯೂದಿಲ್ಲ."

ಸಿಟ್ಟಿನಿಂದ ಹೋದವನು ಬೇರೆ ದಾರಿ ಕಾಣದೆ ಮರುದಿನ ತಾಯಿಯನ್ನು ಕರೆತಂದ. ಎಷ್ಟೋ ವರ್ಷ ರೊಟ್ಟಿ ಬಡಿದ ಆ ಗಟ್ಟಿ ಜೀವ ನನ್ನ ಮೇಲೆ ಹಕ್ಕಿಯಷ್ಟು ಹಗುರಾಗಿ ಕೂತಿತು.

ಡಾಕ್ಟರು ಮೆಲ್ಲಗೆ ಕೇಳಿದರು: "ಶಂಕ್ರವ್ವಾ, ಜಡ್ಡಿನ ವಿಷಯ ನಿಮಗ ಹೇಳಲೋ, ಮಗನಿಗೆ ಹೇಳಿದ್ರ ಸಾಕೋ?"

"ಹೊಟ್ಟಿ ನಂದು, ಜಡ್ಡು ನಂದು. ನನಗ ಹೇಳ್ರಿ. ಒಲಿ ಮುಂದ ಇಂವ ಕದ್ದು ಅಳೂದು ನೋಡೇನಿ. ಹುಣ್ಣಿಗೆ ಯಾರರ ಹಂಗ ಅಳತಾರೇನ್ರಿ?"

ಡಾಕ್ಟರು ಅವಳ ಕೈ ಹಿಡಿದು, ಏನೂ ಮುಚ್ಚದೆ ಹೇಳಿದರು. ಅವಳ ಇನ್ನೊಂದು ಕೈ ನನ್ನ ಅಂಚನ್ನು ಗಟ್ಟಿಯಾಗಿ ಹಿಡಿಯಿತು.

"ಉಳೀತೀನೇನ್ರಿ?"

"ಮಾತು ಕೊಡಾಕ ಆಗೂದಿಲ್ಲ. ಆದ್ರ ಬ್ಯಾರೆ ಕಡೆ ಹಬ್ಬಿಲ್ಲ. ಈಗ ತಗದ್ರ ಭಾಳ ಆಸೆ ಐತಿ."

ಶಂಕ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರ ತಗೀರಿ. ಏ ಈರ್ಯಾ, ಅಳೂದು ಸಾಕು! ನಾ ಬರೂಮಟ ಖಾನಾವಳಿ ಬಾಗಲಾ ಹಾಕಿದ್ರ ನೋಡು!"

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಕೊಟ್ಟ ಕೀಮೋ ಔಷಧದ ಬಿಸಿಗೆ ತಲೆಗೂದಲು ಉದುರಿತು. ಮೈ ತುಂಬಿಕೊಂಡು ಮತ್ತೆ ದವಾಖಾನೆಗೆ ಬಂದಾಗ ಅವಳ ಭಾರ ನನಗೆ ಹಬ್ಬದಂತಿತ್ತು. ಆಗಲೇ ಹೊಸ ಕುರ್ಚಿಗಳು ಬಂದು ನಾನು ಮೂಲೆ ಸೇರಿದ್ದರೂ ಅವಳು ನನ್ನನ್ನೇ ಎಳೆದು ಕೂತಿದ್ದಳು. "ಇದನ್ನ ನನಗ ಕೊಡ್ರಿ" ಎಂದು ಬೇಡಿ, ಮಗನ ಹೆಗಲ ಮೇಲೆ ಹೊರಿಸಿ ಖಾನಾವಳಿಗೆ ಒಯ್ದಳು.

ಐದು ವರ್ಷ ಕಳೆದವು. ಈಗ ನನ್ನ ಕಾಲು ಸಡಿಲ, ಮೈಗೆ ಹಿಟ್ಟಿನ ಬಣ್ಣ. ನಿಜ ಕೇಳಿದವರು ಅಳುವುದನ್ನು ನಾನು ಬಲ್ಲೆ. ಆದರೆ ಅತ್ತ ಮೇಲೆ ಎದ್ದು ನಿಲ್ಲುವುದನ್ನೂ ಕಂಡೆ. ಮೊನ್ನೆ ಹುಬ್ಬಳ್ಳಿಯ ಡಾಕ್ಟರು, "ಪೂರ್ತಿ ಗುಣ ಆಗೇತಿ, ಇನ್ನ ಬರೂದು ಬ್ಯಾಡ" ಎಂದರಂತೆ. ಅಂದು ಖಾನಾವಳಿಯಲ್ಲಿ ಎಲ್ಲರಿಗೂ ಗೋದಿ-ಬೆಲ್ಲದ ಸಿಹಿ ಮಾದಲಿಯ ಊಟ. ಉಂಡವರೊಬ್ಬರು ಈರಣ್ಣನನ್ನು ಬದಿಗೆ ಕರೆದು, "ನಮ್ಮಪ್ಪಗೂ ಇದ ಜಡ್ಡು. ಹೇಳೂದೋ ಬ್ಯಾಡೋ?" ಎಂದು ಪಿಸುಗುಟ್ಟಿದರು.

"ನಿಮ್ಮಪ್ಪನ್ನ ಕೇಳ್ರಿ, ಎಷ್ಟು ತಿಳಕೋಬೇಕಂತಾರ ಅಂತ," ಎಂದ ಈರಣ್ಣ.

ನನ್ನ ಮೇಲೆ ಗಟ್ಟಿಯಾಗಿ ಕೂತಿದ್ದ ಶಂಕ್ರವ್ವ ರೊಟ್ಟಿ ತಿರುವಿ ಹಾಕಿ ನಕ್ಕಳು: "ಈರ್ಯಾ, ನಿಮ್ಮ ಡಾಕ್ಟರ್ ಮೇಡಂ ಬಂದಾರ. ಬಿಸಿ ರೊಟ್ಟಿ ಅವರಿಗೆ ಮೊದಲು!"